ಬಿಳಿ ಜುಟ್ಟಿನ ನಗೆಮಲ್ಲ ಹಕ್ಕಿಗಳು ಗುಂಪಾಗಿ ನಗುವುದೇಕೆ?

ಗುಂಪು ಚದುರದಿರಲಿ, ಪಕ್ಕದ ಗುಂಪಿಗೆ ಈ ಜಾಗ ನಮ್ಮದು ಅಂತ ಗೊತ್ತಾಗಲಿ ಎಂದು. ಇದು ಖುಷಿಯ ನಗುವಲ್ಲ, ಮನುಷ್ಯರ ನಗುವಿನ ಹಾಗೆ ಕೇಳಿಸುತ್ತದೆ ಅಷ್ಟೇ.

ಹಿಮಾಲಯದ ತಪ್ಪಲಿನ ದಟ್ಟ ಕಾಡು ಇವುಗಳ ಮನೆ. ನಮ್ಮ ಹರಟೆಮಲ್ಲನ ನೆಂಟರು. ಸುಮಾರು 30 ಸೆಂ.ಮೀ. ಉದ್ದ, ಬೆಳ್ಳನೆ ತಲೆ, ಕಣ್ಣಿಗೆ ಕಪ್ಪು ಪಟ್ಟಿ. ನೆಲದ ತರಗೆಲೆ ಕೆದಕಿ ಹುಳು ಹುಡುಕುತ್ತವೆ. ಪೊದೆಗಳ ನಡುವೆ ಒಂದಕ್ಕೊಂದು ಕಾಣುವುದೇ ಕಷ್ಟ, ಅಲ್ವಾ? ಅಲ್ಲಿ ಕಣ್ಣಿಗಿಂತ ಕಿವಿಯೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಮೊದಲು ಒಂದು ಹಕ್ಕಿ ಮೆಲ್ಲಗೆ ಕುಲುಕುಲು ಅನ್ನುತ್ತದೆ. ಇನ್ನೊಂದು ಸೇರುತ್ತದೆ. ನೋಡನೋಡುತ್ತಿದ್ದಂತೆ ಇಡೀ ಗುಂಪು ಜುಟ್ಟು ನಿಮಿರಿಸಿ ಗಹಗಹಿಸುತ್ತದೆ. ಎಂಥ ಚೆಂದದ ಗಲಾಟೆ! ಆಮೇಲೆ ಎಲೆ ಸರಿಯುವ ಸದ್ದು ಮಾತ್ರ.