ನೋವಿನ ಇಂಜೆಕ್ಷನ್ ಇಲ್ಲದೆ ಮೊದಲ ಹೆರಿಗೆ: ಯಾವುದು ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ

ಚೊಚ್ಚಲ ಬಸಿರು, 34 ವಾರ, ತೊಂದರೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಎಪಿಡ್ಯೂರಲ್ (ಸೊಂಟದ ಕೆಳಗೆ ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಇಂಜೆಕ್ಷನ್) ಆಗಲಿ ಬೇರೆ ನೋವಿನ ಇಂಜೆಕ್ಷನ್ ಆಗಲಿ ಇಲ್ಲದೆ ಹೆರಲು ಹೇಗೆ ತಯಾರಾಗಬೇಕು ಎಂದು ಕೇಳಿದ್ದೀರಿ. ಹೆರಿಗೆ ವಾರ್ಡಿನ ನರ್ಸ್ ಆಗಿ ಉತ್ತರಿಸುತ್ತಿದ್ದೇನೆ.

ಖಂಡಿತ ಸಾಧ್ಯ. ಆದರೆ ನಿಮ್ಮ ಸಹನಶಕ್ತಿಗಿಂತ ಹೆಚ್ಚಾಗಿ ಆ ಹೊತ್ತಿನಲ್ಲಿ ನಿಮ್ಮನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದೇ ಮುಖ್ಯ. ಮಂಚದ ಮೇಲೆ ಅಂಗಾತ ಮಲಗಿಸಿ, ನೋವು ಹೆಚ್ಚಿಸುವ ಡ್ರಿಪ್ ಹಾಕಿ, ಜೊತೆಗೆ ಯಾರನ್ನೂ ಬಿಡದಿದ್ದರೆ ಎಂಥ ಗಟ್ಟಿಗಿತ್ತಿಯೂ ಬಳಲಿಹೋಗುತ್ತಾಳೆ. ಹಾಗಾಗಿ ಮುಂದಿನ ತಪಾಸಣೆಗೆ ಹೋದಾಗ ನೇರವಾಗಿ ಕೇಳಿ: ಲೇಬರ್ ರೂಮಿನಲ್ಲಿ ಅಮ್ಮನೋ ಗಂಡನೋ ಕೊನೆಯವರೆಗೂ ಇರಬಹುದೇ? ಓಡಾಡಲು ಬಿಡುತ್ತೀರಾ? ನೋವು ತಾನಾಗಿ ಚೆನ್ನಾಗಿ ಬರುತ್ತಿದ್ದರೂ ಡ್ರಿಪ್ ಹಾಕುತ್ತೀರಾ? ಚೊಚ್ಚಲು ಎಂದರೆ ಎಲ್ಲರಿಗೂ ಯೋನಿಯ ಬಾಯಿ ಅಗಲಿಸಲು ಕತ್ತರಿ ಹಾಕುವ ರೂಢಿ ಇದೆಯೇ? ಸರ್ಕಾರಿ ಆಸ್ಪತ್ರೆಯಾದರೆ, ಲೇಬರ್ ರೂಮುಗಳನ್ನು ಸುಧಾರಿಸಲು ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ‘ಲಕ್ಷ್ಯ’ ಕಾರ್ಯಕ್ರಮದಲ್ಲೇ ಹೆರಿಗೆಯ ಹೊತ್ತಿಗೆ ಜೊತೆಗೊಬ್ಬರು ಇರಬೇಕೆಂದಿದೆ, ಆ ಹೆಸರು ಹೇಳಿಯೇ ಕೇಳಿ. ಹಾರಿಕೆಯ ಉತ್ತರ ಬಂದರೆ ಆಸ್ಪತ್ರೆ ಬದಲಾಯಿಸಲು ಇನ್ನೂ ಸಮಯವಿದೆ.

ಡ್ರಿಪ್ ಬಗ್ಗೆ ಒತ್ತಿ ಹೇಳಲು ಕಾರಣವಿದೆ. ತಾನಾಗಿ ಬರುವ ನೋವು ಮೆಲ್ಲಗೆ ಏರುತ್ತದೆ, ನಡುವೆ ಬಿಡುವು ಕೊಡುತ್ತದೆ. ಆಕ್ಸಿಟೋಸಿನ್ (ಗರ್ಭಕೋಶ ಹಿಂಡುವಂತೆ ಮಾಡುವ ಔಷಧ) ಡ್ರಿಪ್ಪಿನ ನೋವು ಬೇಗ ಬಲವಾಗುತ್ತದೆ, ಬಿಡುವೂ ಕಡಿಮೆ. ನೀರು ಹೋಗಿ ಬಹಳ ಹೊತ್ತಾದರೂ ನೋವು ಶುರುವಾಗದಿದ್ದರೆ ಅಥವಾ ಬಿಪಿ ಏರಿದ್ದರೆ ಡ್ರಿಪ್ ನಿಜಕ್ಕೂ ಬೇಕಾಗಬಹುದು. ಅಂಥ ಹೊತ್ತಿನಲ್ಲಿ ಎಪಿಡ್ಯೂರಲ್ ಕೇಳಿದರೆ ಯಾವ ತಪ್ಪೂ ಇಲ್ಲ. ಬರೀ ಬೇಗ ಮುಗಿಸುವುದಕ್ಕೆ ಹಾಕುವುದಾದರೆ ‘ಈಗ ಯಾಕೆ ಬೇಕು?’ ಎಂದು ಕೇಳಿ. ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆಯುವವರೆಗೆ ಎಲ್ಲವೂ ನಿಧಾನವೇ. ಗಂಟೆಗೆ 1 ಸೆಂ.ಮೀ. ತೆರೆಯಲೇಬೇಕೆಂಬ ಹಳೆಯ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೈಬಿಟ್ಟಿದೆ. 5 ಸೆಂ.ಮೀ. ದಾಟಿದ ಮೇಲೂ ಚೊಚ್ಚಲ ಹೆರಿಗೆಗೆ 12 ಗಂಟೆ ಹಿಡಿಯಬಹುದು.

ಆದ್ದರಿಂದ ಮೊದಲ ನೋವಿಗೇ ಆಸ್ಪತ್ರೆಗೆ ಓಡಬೇಡಿ. ಒಂದು ನೋವಿನ ಶುರುವಿನಿಂದ ಮುಂದಿನದರ ಶುರುವಿಗೆ 5 ನಿಮಿಷ, ಒಂದೊಂದೂ ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ ಅದಕ್ಕೂ ಮೊದಲೇ ಹೊರಡಬೇಕು. ಮನೆಯಲ್ಲಿರುವಷ್ಟು ಹೊತ್ತು ನಿದ್ದೆ ಬಂದರೆ ಮಲಗಿ. ಗಂಜಿ, ರಾಗಿ ಅಂಬಲಿ, ಮಜ್ಜಿಗೆ, ಖರ್ಜೂರ, ಸೇರಿದ್ದನ್ನು ಸ್ವಲ್ಪಸ್ವಲ್ಪವೇ ತಿನ್ನುತ್ತಿರಿ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ, ತುಂಬಿದ ಮೂತ್ರಕೋಶ ಮಗುವಿನ ತಲೆ ಇಳಿಯಲು ಅಡ್ಡಿ ಮಾಡುತ್ತದೆ. ನೋವು ಬರಲಿ ಎಂದು ಹಿರಿಯರು ಹರಳೆಣ್ಣೆ ಕುಡಿಸಲು ಬಂದರೆ ಬೇಡ ಅನ್ನಿ. ವಾಂತಿ ಭೇದಿಯಾಗಿ, ಹೆರಿಗೆ ಶುರುವಾಗುವ ಮೊದಲೇ ಸುಸ್ತಾಗುತ್ತೀರಿ.

ಕೆಲವು ಸಂದರ್ಭಗಳಲ್ಲಿ ಮಾತ್ರ ಯಾವ ಲೆಕ್ಕವನ್ನೂ ನೋಡದೆ ತಕ್ಷಣ ಹೊರಡಬೇಕು: ಕೆಂಪು ರಕ್ತ ಹೋಗುವುದು, ನೀರು ಒಡೆಯುವುದು (ಹಸಿರು ಅಥವಾ ಕಂದು ಬಣ್ಣವಿದ್ದರಂತೂ ಇನ್ನೂ ಬೇಗ), ಮಗುವಿನ ಚಲನೆ ಕಡಿಮೆಯಾಗುವುದು, ತಲೆ ಸಿಡಿದು ಕಣ್ಣು ಮಂಜಾಗುವುದು, ಬಿಡುವೇ ಇಲ್ಲದ ನೋವು ಬಂದು ಹೊಟ್ಟೆ ಗಟ್ಟಿಯಾಗಿಯೇ ಇರುವುದು. 37 ವಾರ ತುಂಬುವ ಮೊದಲೇ ನೋವು ಶುರುವಾದರೂ ಹೊರಡಿ.

ಇನ್ನು ನೋವಿನ ಮಾತು. ಒಂದೊಂದು ನೋವೂ ಏರಿ, ಕೆಲವು ಸೆಕೆಂಡು ತಾರಕದಲ್ಲಿದ್ದು ಇಳಿಯುತ್ತದೆ. ಶುರುವಾಯಿತು ಅನ್ನಿಸಿದೊಡನೆ ಮೂಗಿನಿಂದ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಾಯಿಂದ ಬಿಡಿ. ಸದ್ದು ಮಾಡಬೇಕೆನಿಸಿದರೆ ತಗ್ಗಿದ ದನಿಯಲ್ಲಿ ‘ಊಂ’ ಎನ್ನಿ, ಕಿರುಚಿದರೆ ದವಡೆಯೂ ಭುಜವೂ ಬಿಗಿಯುತ್ತವೆ. ಬೆರಳು, ತುಟಿ ಜುಮ್ಮೆನ್ನುತ್ತಿವೆ ಎಂದರೆ ಉಸಿರಾಟ ತೀರಾ ವೇಗವಾಗಿದೆ. ಜೊತೆಗಿರುವವರು ನಿಮ್ಮ ಕಣ್ಣು ನೋಡುತ್ತಾ ತಾವೂ ನಿಧಾನವಾಗಿ ಉಸಿರಾಡಲಿ, ಅದು ಸರಿಹೋಗುತ್ತದೆ.

ಜೊತೆಗಿರುವವರಿಗೆ ಈಗಲೇ ಕಲಿಸಬೇಕಾದ ಕೆಲಸ ಇದು: ನೀವು ಗೋಡೆಗೋ ಮಂಚಕ್ಕೋ ಕೈಯೂರಿ ಬಾಗಿ ನಿಂತಿರುವಾಗ, ಸೊಂಟದ ಕೆಳಗೆ, ಪೃಷ್ಠದ ಸೀಳು ಶುರುವಾಗುವುದಕ್ಕಿಂತ ತುಸು ಮೇಲಿರುವ ಚಪ್ಪಟೆ ಮೂಳೆಗೆ ಅಂಗೈಯ ಬುಡ ಇಟ್ಟು, ಮೈಭಾರ ಹಾಕಿ ಒತ್ತಬೇಕು. ಬೆನ್ನು ಸವರಿದರೆ ಸಾಲದು. ನೋವು ಪೂರಾ ಇಳಿಯುವವರೆಗೂ ಕೈ ತೆಗೆಯಬಾರದು, ನಡುವೆ ತೆಗೆದರೆ ನೋವು ಒಮ್ಮೆಲೇ ಹೊಡೆಯುತ್ತದೆ. ಮಗುವಿನ ಮುಖ ನಿಮ್ಮ ಹೊಟ್ಟೆಯ ಕಡೆ ತಿರುಗಿದ್ದರೆ ನೋವೆಲ್ಲ ಬೆನ್ನಿಗೇ ಬರುತ್ತದೆ. ಆಗ ಈ ಒತ್ತುವಿಕೆಯ ಜೊತೆ ಮಂಡಿ ಮತ್ತು ಕೈ ಊರಿ ನಿಲ್ಲುವುದು ಹಾಯೆನಿಸುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಬ್ಯಾಗು, ಸೊಂಟದ ಮೇಲೆ ಬಿಸಿನೀರು ಬೀಳುವ ಸ್ನಾನ ಇವೂ ಕೆಲಸ ಮಾಡುತ್ತವೆ. ನಡೆದಾಡುತ್ತಾ, ಕೂತು, ನಿಂತು ಕಳೆದವರಿಗೆ ಗರ್ಭಕೋಶದ ಬಾಯಿ ತೆರೆಯುವ ಹಂತ ಸರಾಸರಿ ಒಂದು ಗಂಟೆಗೂ ಹೆಚ್ಚು ಚಿಕ್ಕದಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. 15ರಿಂದ 30 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಲು ನೀವು ಮಲಗಲೇಬೇಕೆಂದಿಲ್ಲ, ಎದೆಬಡಿತ ಕೇಳಿಸುವ ಚಿಕ್ಕ ಯಂತ್ರ ಡಾಪ್ಲರ್ ನೀವು ನಿಂತಿದ್ದರೂ ಅದನ್ನು ಹಿಡಿಯುತ್ತದೆ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ.

ಗರ್ಭಕೋಶದ ಬಾಯಿ 8 ಸೆಂ.ಮೀ. ಆಸುಪಾಸಿಗೆ ತೆರೆದಾಗ ಮೈ ನಡುಗುತ್ತದೆ, ವಾಂತಿ ಬರುತ್ತದೆ. ‘ನನ್ನ ಕೈಲಾಗಲ್ಲ, ಸಿಸೇರಿಯನ್ ಮಾಡಿಬಿಡಿ’ ಎಂಬ ಮಾತು ಹೆಚ್ಚಾಗಿ ಬರುವುದು ಇಲ್ಲೇ. ಹೆಚ್ಚಿನವರಿಗೆ ಅಲ್ಲಿಂದ ಮುಂದಿನ ದಾರಿ ಚಿಕ್ಕದು. ಜೊತೆಗಿರುವವರಿಗೆ ಇದು ಮೊದಲೇ ಗೊತ್ತಿದ್ದರೆ ಅವರು ಗಾಬರಿಯಾಗುವುದಿಲ್ಲ. ನೋವಿನ ನಡುವೆ ನಿರ್ಧಾರ ಮಾಡಬೇಡಿ. ಬಾಯಿ ಎಷ್ಟು ತೆರೆದಿದೆ ಎಂದು ನೋಡಿಸಿ, ಇನ್ನು ನಾಲ್ಕೈದು ನೋವು ಕಳೆಯಿರಿ. ಆಮೇಲೂ ಔಷಧ ಬೇಕೆನಿಸಿದರೆ ಕೇಳಿ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಗರ್ಭಕೋಶದ ಬಾಯಿ ಪೂರಾ ತೆರೆದ ಮೇಲೆ, ಮುಕ್ಕಬೇಕು ಎಂದು ಮೈಯೇ ಹೇಳಿದಾಗ ಮುಕ್ಕಿ. ಬಾಯಿ ಪೂರಾ ತೆರೆಯುವ ಮೊದಲೇ ಜೋರಾಗಿ ಮುಕ್ಕಿದರೆ ಅದರ ಅಂಚು ಊದಿಕೊಂಡು ಹೆರಿಗೆ ತಡವಾಗಬಹುದು. ಅಲ್ಲಿಯವರೆಗೆ ಎಡಮಗ್ಗುಲಿಗೆ ಮಲಗಿ ಉಫ್ ಉಫ್ ಎಂದು ಊದುತ್ತಿರಿ. ತಲೆ ಹೊರಬರುವಾಗ ಮುಕ್ಕುವುದು ನಿಲ್ಲಿಸಿ ಏದುಸಿರು ಬಿಡಿ, ಯೋನಿಗೂ ಗುದಕ್ಕೂ ನಡುವಿನ ಜಾಗಕ್ಕೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿ ಹಿಡಿದರೆ ಆಳವಾಗಿ ಹರಿಯುವುದು ಕಡಿಮೆ. 35ನೇ ವಾರದಿಂದ ವಾರಕ್ಕೆ ಒಂದೆರಡು ಸಲ, ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಯೋನಿಯೊಳಗೆ 3-4 ಸೆಂ.ಮೀ. ಇಟ್ಟು ಕೆಳಕ್ಕೂ ಪಕ್ಕಕ್ಕೂ ಐದು ನಿಮಿಷ ನೀವುವುದೂ ಒಳ್ಳೆಯದು. ಮೇಲಿಂದ ಹೊಟ್ಟೆ ಒತ್ತಿ ಮಗುವನ್ನು ತಳ್ಳಲು ಬಂದರೆ ಬೇಡವೆನ್ನಿ.

ಮಗು ಹುಟ್ಟಿದ ಕೂಡಲೇ ತೊಡೆಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ನೋವಿನ ಔಷಧವಲ್ಲ, ರಕ್ತಸ್ರಾವ ತಡೆಯುವುದಕ್ಕೆ. ಅದನ್ನು ನಿರಾಕರಿಸಬೇಡಿ. ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಲಿ. ಹೊಲಿಗೆ ಬಿದ್ದರೆ ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಹಾಕಿಸಿಕೊಂಡೇ ಹೊಲಿಸಿಕೊಳ್ಳಿ, ಮಗು ಅಷ್ಟು ಹೊತ್ತಿಗೆ ಹೊರಗೆ ಬಂದಾಗಿದೆ, ಆ ನೋವು ತಿನ್ನುವುದರಿಂದ ಯಾರಿಗೂ ಲಾಭವಿಲ್ಲ. ಇಂಜೆಕ್ಷನ್ ಹಾಕಿ ಎರಡು ಮೂರು ನಿಮಿಷ ಕಾಯದೆ ಸೂಜಿ ಎತ್ತಿಕೊಂಡರೆ, ‘ಇನ್ನೂ ನೋಯುತ್ತಿದೆ, ನಿಲ್ಲಿಸಿ’ ಎಂದು ಗಟ್ಟಿಯಾಗಿ ಹೇಳಿ.