ಓದುತ್ತಿರುವ ಪುಸ್ತಕದ ಬಗ್ಗೆ ಮಧ್ಯದಲ್ಲೇ ಹೇಳಿ, ತೀರ್ಪು ಮಾತ್ರ ಕೊಡಬೇಡಿ

ಪುಸ್ತಕ ಓದುವವರ ಗುಂಪೊಂದಕ್ಕೆ ಹೊಸದಾಗಿ ಸೇರಿದ್ದೀರಿ. ಈಗ ಓದುತ್ತಿರುವ ಪುಸ್ತಕದ ಬಗ್ಗೆ ಅಲ್ಲಿ ಹೇಳಬೇಕು ಅನಿಸುತ್ತಿದೆ. ಆದರೆ ಅರ್ಧ ಓದಿ ಅಭಿಪ್ರಾಯ ಹೇಳಬಹುದಾ, ಮುಗಿಸಿದ ಮೇಲೇ ಹೇಳಬೇಕಾ ಅಂತ ಕೇಳಿದ್ದೀರಿ. ನನಗೆ ಆ ಹಿಂಜರಿಕೆ ಇರಲಿಲ್ಲ. ಇದ್ದಿದ್ದರೆ ಒಬ್ಬ ದೊಡ್ಡ ಓದುಗರ ಸಹವಾಸ ತಪ್ಪುತ್ತಿರಲಿಲ್ಲ.

ಆಗ ನಾನು ಶಿವಮೊಗ್ಗ ಬಿಟ್ಟು ಕೆಲಸಕ್ಕೆಂದು ಮೈಸೂರಿಗೆ ಬಂದ ಹೊಸತು. ಕುಕ್ಕರಹಳ್ಳಿ ಕೆರೆಯ ಕಡೆ ಬೆಳಗ್ಗೆ ವಾಕಿಂಗ್ ಬರುವವರಲ್ಲಿ ಕೆಲವರು ಭಾನುವಾರ ಅಲ್ಲೇ ಒಂದು ಮರದ ಕೆಳಗೆ ಕೂತು ಪುಸ್ತಕದ ಮಾತಾಡುತ್ತಿದ್ದರು. ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಆ ವಾರ ಕೈಯಲ್ಲಿರುವ ಪುಸ್ತಕ ತರುವುದು, ಎಲ್ಲಿಯವರೆಗೆ ಬಂದೆ ಅಂತ ಹೇಳುವುದು, ಅಷ್ಟೇ.

ಅಲ್ಲಿ ಒಬ್ಬ ಟೀಚರ್ 'ಮಲೆಗಳಲ್ಲಿ ಮದುಮಗಳು' ಓದುತ್ತಿದ್ದರು. ಕುವೆಂಪು ಅವರ 1967ರ ಕಾದಂಬರಿ. ಬೆಟ್ಟಳ್ಳಿ, ಕೋಣೂರು, ಹಳೆಮನೆ, ಸಿಂಬಾವಿ ಅಂತ ಊರುಗಳು, ಮನೆಗಳು, ಪ್ರತಿ ಮನೆಗೂ ಅದರದೇ ಜನ. ಯಾರು ಯಾರ ಮಗಳು, ಯಾರು ಯಾರ ಆಳು ಅಂತ ಅವರು ಒಂದು ಹಾಳೆಯಲ್ಲಿ ಪೆನ್ಸಿಲ್ಲಿಂದ ಬರೆದುಕೊಂಡಿದ್ದರು. ಆ ಹಾಳೆ ಪುಸ್ತಕದೊಳಗೆ ಗುರುತಿಗೂ ಆಗುತ್ತಿತ್ತು. ಹೊಸ ಹೆಸರು ಬಂದರೆ ಅಂಚಿನಲ್ಲಿ ಸೇರಿಸುತ್ತಿದ್ದರು. ಹಾಳೆ ನಾಲ್ಕೂ ಕಡೆ ತುಂಬಿ ಹೋಗಿತ್ತು. ಅವರು ಬಂದ ಕೂಡಲೇ ಎಲ್ಲರೂ ಕೇಳುತ್ತಿದ್ದುದು, "ಗುತ್ತಿ ಎಲ್ಲಿಗೆ ಬಂದ? ಹುಲಿಯ ಹೇಗಿದೆ?" ಹುಲಿಯ ಅಂದರೆ ಗುತ್ತಿಯ ನಾಯಿ. ಓದಿದವರಿಗೆಲ್ಲ ಮುಂದೆ ಏನಾಗುತ್ತದೆ ಅಂತ ಗೊತ್ತು. ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಪುಸ್ತಕ ಹೇಗಿದೆ ಅಂತ ಅವರನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ನಾನು ಅದನ್ನು ನೋಡಿ ಕಲಿಯಬೇಕಿತ್ತು. ಕಲಿಯಲಿಲ್ಲ.

ನನ್ನ ಸರದಿ ಬಂದಾಗ ಕೈಯಲ್ಲಿ ಇದ್ದದ್ದು ದೇವನೂರ ಮಹಾದೇವ ಅವರ 'ಕುಸುಮಬಾಲೆ'. 1984ರ ಪುಸ್ತಕ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ತೆಳ್ಳಗಿದೆ, ಒಂದು ಸಂಜೆಗೆ ಮುಗಿಯುತ್ತದೆ ಅಂದುಕೊಂಡು ಹಿಡಿದಿದ್ದೆ. ಅದು ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಮೊದಲ ಕೆಲವು ಪುಟಗಳಲ್ಲೇ ನಾನು ನಿಂತುಬಿಟ್ಟೆ. ಗುಂಪಿನಲ್ಲಿ ಹೇಳಿದ್ದು ಇಷ್ಟು: "ಇದು ಓದೋಕೇ ಆಗಲ್ಲ. ಇಂಥ ಭಾಷೇಲಿ ಯಾಕೆ ಬರೀಬೇಕು? ಓದೋರಿಗೆ ಸುಮ್ನೆ ಕಷ್ಟ." ಕೆಲವರು ನಕ್ಕರು. ಒಬ್ಬರು, ನನಗೂ ಹಾಗೇ ಅನಿಸಿತ್ತು ಅಂದರು. ಮಾತು ಮುಂದಿನವರಿಗೆ ಹೋಯಿತು.

ಮುಂದೆ ಕೂತಿದ್ದವರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ನಂಜನಗೂಡಿನ ಹತ್ತಿರದ ಹಳ್ಳಿಯವರು. ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಆ ಗುಂಪಿನಲ್ಲಿ ಅವರಷ್ಟು ಓದಿದವರು ಇನ್ನೊಬ್ಬರಿರಲಿಲ್ಲ. ಅವತ್ತು, "ಈ ವಾರ ಏನೂ ಓದಿಲ್ಲ ಕಣಮ್ಮ" ಅಂದರು. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ.

ತುಂಬಾ ದಿನದ ಮೇಲೆ ಟೀಚರ್ ನನಗೆ ಹೇಳಿದರು. 'ಕುಸುಮಬಾಲೆ' ಶುರು ಮಾಡುತ್ತೇನೆ ಅಂತ ಹಿಂದಿನ ವಾರ ನಾನು ಹೇಳಿದ್ದೆನಲ್ಲ, ಅದನ್ನು ಕೇಳಿ ಅಣ್ಣ ಮನೆಯಿಂದ ತಮ್ಮ ಪ್ರತಿ ತಂದಿದ್ದರಂತೆ. ಒಂದೆರಡು ಪುಟ ಗಟ್ಟಿಯಾಗಿ ಓದಿ ತೋರಿಸೋಣ ಅಂತ. ಪುಸ್ತಕ ಅವರ ಚೀಲದಲ್ಲೇ ಉಳಿಯಿತು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ. ಅರ್ಧ ಓದಿ ಮಾತಾಡಿದ್ದು ತಪ್ಪಲ್ಲ. ಇಷ್ಟವಾಗಲಿಲ್ಲ ಅಂದಿದ್ದೂ ತಪ್ಪಲ್ಲ. ನನಗೆ ಆಗುತ್ತಿದ್ದ ಕಷ್ಟವನ್ನು ಪುಸ್ತಕದ ಗುಣ ಮಾಡಿ ಹೇಳಿದೆನಲ್ಲ, ಅದು ತಪ್ಪು. ಓದಲಾಗದೇ ಇದ್ದದ್ದು ನನಗೆ. ನಾನು ಮಲೆನಾಡಿನ ಮಾತು ಕೇಳಿ ಬೆಳೆದವಳು, ಶಾಲೆಯ ಪಠ್ಯದ ಕನ್ನಡ ಓದಿ ದೊಡ್ಡವಳಾದವಳು. ಕಪಿಲಾ ತೀರದ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಕಣ್ಣಲ್ಲಿ ಸರಸರ ಓದುವ ಅಭ್ಯಾಸ ಬೇರೆ. ಪದಗಳು ಒಂದಕ್ಕೊಂದು ಕೂಡಿಕೊಂಡು ಬಂದ ಕಡೆ ಕಣ್ಣು ಎಡವುತ್ತಿತ್ತು. "ನನಗೆ ಇಲ್ಲಿ ಅರ್ಥ ಆಗ್ತಿಲ್ಲ, ಈ ಕಡೆಯವರು ಯಾರಾದ್ರೂ ಓದಿ ಹೇಳ್ತೀರಾ?" ಅಂತ ಕೇಳಿದ್ದರೆ ಅಣ್ಣನ ಚೀಲದಿಂದ ಪುಸ್ತಕ ಹೊರಗೆ ಬರುತ್ತಿತ್ತು. ನಾನು ಕೇಳಲಿಲ್ಲ, ತೀರ್ಪು ಕೊಟ್ಟೆ. ಅದೂ ಅವರ ಮನೆಮಾತಿನ ಮೇಲೆ, ಅವರ ಎದುರಿಗೇ. ಇಂಥ ಭಾಷೆ ಅಂದೆನಲ್ಲ, ಅವರ ತಾಯಿ ಮಾತಾಡಿದ್ದು ಅದೇ ಭಾಷೆ. ಆ ಮಾತನ್ನು ಒಂದು ದೊಡ್ಡ ಪುಸ್ತಕದಲ್ಲಿ ಕಂಡಾಗ ಅವರಿಗೆ ಏನನಿಸಿರಬೇಕು ಅಂತ ನಾನು ಒಂದು ಕ್ಷಣ ಯೋಚಿಸಿರಲಿಲ್ಲ.

ಆಮೇಲೆ ಒಂದು ರಾತ್ರಿ ಮನೆಯಲ್ಲಿ ಒಬ್ಬಳೇ ಅದನ್ನು ಗಟ್ಟಿಯಾಗಿ ಓದಿದೆ. ಜೋತಮ್ಮಗಳು, ಅಂದರೆ ದೀಪದ ತಾಯಂದಿರು, ರಾತ್ರಿ ಕೂಡಿ ಮಾತಾಡುವ ಭಾಗಕ್ಕೆ ಬಂದಾಗ ಉಸಿರು ಎಲ್ಲಿ ನಿಲ್ಲಬೇಕು ಅಂತ ನಾಲಿಗೆಗೇ ಗೊತ್ತಾಯಿತು. ಕಣ್ಣು ಎಡವಿದ ಕಡೆ ಕಿವಿ ಎಡವಲಿಲ್ಲ. ವಿದ್ವಾಂಸರಾದ ಎಲ್. ಬಸವರಾಜು ಇದೇ ಗದ್ಯವನ್ನು ಪದ್ಯದ ಸಾಲುಗಳಾಗಿ ಬಿಡಿಸಿಟ್ಟಿದ್ದಾರೆ. ಯಾಕೆ ಅಂತ ಆಗ ತಿಳಿಯಿತು. ಆದರೂ ಎಷ್ಟೋ ಮಾತು ನನಗೆ ಪೂರ್ತಿ ಸಿಗಲಿಲ್ಲ. ಅಣ್ಣ ಪಕ್ಕದಲ್ಲಿದ್ದು ಓದಿದ್ದರೆ ಸಿಗುತ್ತಿತ್ತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಟ್ಟರು, ಚೆನ್ನಾಗಿಯೇ ಮಾತಾಡಿದರು. ಪುಸ್ತಕದ ಮಾತು ಮಾತ್ರ ತೆಗೆಯಲಿಲ್ಲ. ಗುಂಪಿಗೂ ಮರಳಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮುಗಿಸಿದ ಮೇಲಾ, ಮಧ್ಯದಲ್ಲಾ ಅಂತ ಕೇಳಿದ್ದೀರಿ. ಅಭಿಪ್ರಾಯವನ್ನೇ ಹಂಚಿಕೊಳ್ಳಬೇಕು ಅಂತ ನೀವು ಅಂದುಕೊಂಡಿರುವುದರಿಂದ ಈ ಪ್ರಶ್ನೆ ಹುಟ್ಟಿದೆ. ನಾನು ಅದನ್ನು ಒಪ್ಪುವುದಿಲ್ಲ. ಓದುತ್ತಿರುವ ಪುಸ್ತಕದ ಬಗ್ಗೆ ಅಭಿಪ್ರಾಯದ ಅಗತ್ಯವೇ ಇಲ್ಲ. ಎಲ್ಲಿದ್ದೀರಿ ಅಂತ ಹೇಳಿ, ಸಾಕು.

ನಮ್ಮ ಕಡೆ, ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿ ಹೊಸಹಳ್ಳಿ ಅಂತ ಊರಿದೆ, ಗಮಕಕ್ಕೆ ಹೆಸರಾದದ್ದು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಗಮಕದಲ್ಲಿ ಒಬ್ಬರು ಕುಮಾರವ್ಯಾಸ ಭಾರತದ ಷಟ್ಪದಿಯನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಕುಮಾರವ್ಯಾಸ ಬರೆದದ್ದು ಹತ್ತು ಪರ್ವ. ಅದೆಲ್ಲ ಮುಗಿಯಲಿ, ಆಮೇಲೆ ಮಾತಾಡೋಣ ಅಂತ ಯಾರೂ ಕಾಯುವುದಿಲ್ಲ. ಅವತ್ತು ಓದಿದ ಪದ್ಯದ ಮೇಲೆ ಅವತ್ತೇ ಮಾತು. ಚಿಕ್ಕವಳಿದ್ದಾಗ ಅಜ್ಜನ ಜೊತೆ ಕೂತು ಕೇಳಿದ್ದೇನೆ. ಓದು ಅಂದರೆ ಕದ ಹಾಕಿಕೊಂಡು ಒಬ್ಬರೇ ಮಾಡುವ ಕೆಲಸ ಅಂತ ನಾವು ಅಂದುಕೊಂಡಿದ್ದೇವೆ. ನಮ್ಮಲ್ಲಿ ಅದು ಯಾವತ್ತೂ ಹಾಗಷ್ಟೇ ಇರಲಿಲ್ಲ.

ಹಾಗಾಗಿ ಗುಂಪಿಗೆ ಹೋದಾಗ ನೀವಿರುವ ಪುಟದಿಂದ ನಾಲ್ಕು ಸಾಲು ಗಟ್ಟಿಯಾಗಿ ಓದಿ. ಆ ನಾಲ್ಕು ಸಾಲು ಯಾಕೆ ಹಿಡಿಸಿತು, ಅಥವಾ ಯಾಕೆ ಅರ್ಥವಾಗಲಿಲ್ಲ ಅಂತ ಹೇಳಿ. ಅರ್ಥವಾಗದ್ದನ್ನು ಹೇಳಿದರೆ ಮಾತು ಜಾಸ್ತಿ ಬೆಳೆಯುತ್ತದೆ. ಚೆನ್ನಾಗಿದೆ ಅಂದರೆ ಎದುರಿನವರು ಹೌದಾ ಅಂತಾರೆ, ಅಲ್ಲಿಗೆ ಮುಗಿಯಿತು. ಕಥೆ ಪೂರ್ತಿ ಹೇಳಬೇಡಿ. ಮುಖಪುಟದ ಫೋಟೊ ಸ್ಟೇಟಸ್‌ಗೆ ಹಾಕುವ ಬಗ್ಗೆಯೂ ಕೇಳಿದ್ದೀರಿ. ಹಾಕಿಕೊಳ್ಳಿ, ತಪ್ಪೇನಿಲ್ಲ. ಆದರೆ ಅದರಿಂದ ನೀವು ಯಾವ ಪುಸ್ತಕ ಇಟ್ಟುಕೊಂಡಿದ್ದೀರಿ ಅಂತ ಗೊತ್ತಾಗುತ್ತದೆಯೇ ಹೊರತು ಅದರೊಳಗೆ ಎಲ್ಲಿದ್ದೀರಿ ಅಂತ ಗೊತ್ತಾಗುವುದಿಲ್ಲ. ನೂರು ಜನ ನೋಡುವುದಕ್ಕಿಂತ ಹುಲಿಯ ಹೇಗಿದೆ ಅಂತ ಕೇಳುವ ಇಬ್ಬರು ಸಿಕ್ಕರೆ ಮೇಲು. ಇಷ್ಟವಾಗದ ಪುಸ್ತಕವಾದರೆ, ಇಷ್ಟವಾಗಲಿಲ್ಲ ಅಂತ ಮುಗಿಸಿದ ಮೇಲೆ ಧೈರ್ಯವಾಗಿ ಹೇಳಿ. ಮಧ್ಯದಲ್ಲಿದ್ದಾಗ ಮಾತ್ರ ಪಕ್ಕದವರ ಚೀಲದಲ್ಲಿ ಅದೇ ಪುಸ್ತಕ ಇರಬಹುದು ಅಂತ ತಿಳಿದು ಮಾತಾಡಿ.

ನಾನು ಈಗ ಓದುತ್ತಿರುವುದು ಕಾರಂತರ 'ಮೂಕಜ್ಜಿಯ ಕನಸುಗಳು'. 1968ರದು. ಮೊಮ್ಮಗ ಸುಬ್ಬರಾಯ ಗುಹೆಯಲ್ಲಿ ಸಿಕ್ಕಿದ ಹಳೆಯ ಚೂರುಗಳನ್ನು ತಂದು ಅಜ್ಜಿಯ ಕೈಗೆ ಕೊಡುತ್ತಾನೆ. ಮುಟ್ಟಿದ ಕೂಡಲೇ ಅವುಗಳ ಹಿಂದಿನ ಕಾಲವೆಲ್ಲ ಅವಳಿಗೆ ಕಾಣಿಸುತ್ತದೆ. ಅಲ್ಲಿದ್ದೇನೆ. ಅಜ್ಜಿಗೆ ನಿಜಕ್ಕೂ ಕಾಣುತ್ತದೆ ಅಂತ ನಂಬಿ ಓದಬೇಕಾ, ಅಥವಾ ಕಾರಂತರು ತಮ್ಮ ವಿಚಾರಗಳನ್ನು ಅವಳ ಬಾಯಲ್ಲಿ ಆಡಿಸುತ್ತಿದ್ದಾರೆ ಅಂದುಕೊಳ್ಳಬೇಕಾ ಅಂತ ನನಗೆ ಇನ್ನೂ ತಿಳಿಯುತ್ತಿಲ್ಲ. ನೀವು ಓದಿದ್ದರೆ, ಈ ಜಾಗದಲ್ಲಿ ನಿಮಗೆ ಏನನಿಸಿತ್ತು ಅಂತ ಬರೆಯಿರಿ. ಮುಂದಿನದು ಹೇಳಬೇಡಿ.