ನಾಗರಹೊಳೆ ರಸ್ತೆ ಪಕ್ಕ ಅರಣ್ಯ ಇಲಾಖೆಯವರೇ ಹುಲ್ಲಿಗೆ ಬೆಂಕಿ ಹಾಕುವುದು ಯಾಕೆ?

ಎಚ್.ಡಿ. ಕೋಟೆ ಕಡೆ ಚಳಿಗಾಲದ ಕೊನೆಗೆ ಇದನ್ನು ನೋಡಿ ನೀವು ಗಾಬರಿಯಾಗಿದ್ದು ಸಹಜ. ಅದು ಬೆಂಕಿ ರೇಖೆ. ರಸ್ತೆಯ ಪಕ್ಕದ ಹುಲ್ಲು, ಲಂಟಾನ ಸವರಿ, ಒಣಗಿಸಿ, ಗಾಳಿ ಕಡಿಮೆ ಇರುವ ಹೊತ್ತು ನೋಡಿ ಸುಡುತ್ತಾರೆ. ಮುಂದೆ ಬೇಸಿಗೆಯಲ್ಲಿ ಕಿಚ್ಚು ಬಂದರೆ ಆ ಬೋಳು ಪಟ್ಟಿಯಲ್ಲಿ ಅದಕ್ಕೆ ಉರಿಯಲು ಏನೂ ಸಿಗಬಾರದು, ಅಷ್ಟೇ.

ಇದರ ಇನ್ನೊಂದು ಲಾಭ ನನಗೆ ತುಂಬಾ ದೊಡ್ಡದು ಅನಿಸುತ್ತದೆ. ಹೊಸದಾಗಿ ಸೇರಿದ ಫೈರ್ ವಾಚರ್‌ಗಳಿಗೆ, ಅಂದರೆ ಕಾಡಿಗೆ ಬೆಂಕಿ ಬೀಳದಂತೆ ಕಾಯುವವರಿಗೆ, ಇದೇ ಪಾಠಶಾಲೆ. ಗಾಳಿ ತಿರುಗಿದರೆ ಎಲ್ಲಿ ನಿಲ್ಲಬೇಕು, ಹಸಿ ಸೊಪ್ಪಿನಿಂದ ಹೇಗೆ ಬಡಿಯಬೇಕು, ಯಾವ ದಾರಿಯಲ್ಲಿ ಓಡಬೇಕು, ಇದೆಲ್ಲ ಸಣ್ಣ ಬೆಂಕಿಯ ಮುಂದೆ ಕಲಿತರೆ ಜೀವ ಉಳಿಯುತ್ತದೆ. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಬೇಗ ಏರುತ್ತದೆ, ಅದನ್ನು ಬಾಯಿಮಾತಲ್ಲಿ ಹೇಳಿದರೆ ಸಾಲದು ಅಲ್ವಾ? ಅಮೆರಿಕದಲ್ಲಿ ಕಾಡಿನ ಒಳಗೇ ಯೋಜನೆ ಹಾಕಿ ಸುಟ್ಟು, ಸಿಬ್ಬಂದಿಗೆ ಹೀಗೇ ತರಬೇತಿ ಕೊಡುತ್ತಾರೆ.

ನಮ್ಮಲ್ಲಿ ಸೋಲಿಗ ಬುಡಕಟ್ಟಿನವರು ಹಿಂದೆ ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ಅದು ನೆಲದ ತರಗೆಲೆ ಮಾತ್ರ ಸುಡುವಂಥದ್ದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದದ್ದು ನೆನಪಿದೆಯಲ್ಲ, ಅಂಥ ಬೆಂಕಿಯೇ ಬೇರೆ.

ಒಂದು ಮಾತು: ನೀವು ಸುಮ್ನೆ ನೋಡಿ ಕಲಿತು ಜಮೀನಿನ ಬದುವಿಗೆ ಕಡ್ಡಿ ಗೀರಬೇಡಿ.